ಲೆಸ್ಟರಿನ ಹೊಗೆ, ಗರಗದ ಬೀಡಿ

ಇಂಗ್ಲೆಂಡಿನ ಲೆಸ್ಟರಿಗೆ ಬಂದ ಎರಡನೇ ತಿಂಗಳು ಇಲ್ಲಿನ ದವಾಖಾನೆಯ ನರ್ಸೊಬ್ಬಳು ನನ್ನ ಕೈಗೆ ಒಂದು ಚೀಟಿ ಕೊಟ್ಟು, "ಇದನ್ನು ತೋರಿಸಿ ಅಂಗಡಿಯಲ್ಲಿ ಇ-ಸಿಗರೇಟು ತೆಗೆದುಕೊಳ್ಳಿ, ಪುಕ್ಕಟೆ ಕೊಡುತ್ತಾರೆ" ಎಂದಳು. ನಾನು ಚೀಟಿ ನೋಡಿದೆ, ಅವಳ ಮುಖ ನೋಡಿದೆ, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದೆ. ಇದು ಪೊಲೀಸರ ಬಲೆಯೇ ಇರಬೇಕು ಅನ್ನಿಸಿತು. ನಮ್ಮ ಹುಬ್ಬಳ್ಳಿಯಲ್ಲಿ ಈ ಸಾಮಾನು ಮಾರಿದರೆ ಅಂಗಡಿಯವನ ಮೇಲೆ ಕೇಸು. ಇಲ್ಲಿ ಬೀಡಿ ಬಿಡಿಸಲು ಅದನ್ನೇ ಕೆಮ್ಮಿನ ಔಷಧದಂತೆ ಬರೆದುಕೊಡುತ್ತಾರೆ! ಹೊರಗೆ ಬಂದ ಮೇಲೂ ನನ್ನ ಬಾಯಿ ಮುಚ್ಚಿರಲಿಲ್ಲ.

ನನ್ನ ಕಥೆ ಇಷ್ಟೇ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಮೋಟರ್ ವೈಂಡಿಂಗ್ ಮಾಡಿದವನು ನಾನು. ಸುಟ್ಟ ಪಂಪಿನ ಹೊಟ್ಟೆ ಬಗೆದು, ಹಳೆಯ ತಂತಿ ಕಿತ್ತು, ಹೊಸದು ಸುತ್ತಿ ಕೊಡುವ ಕೆಲಸ. ಹೆಂಡತಿ ಶೈಲಾ ಧಾರವಾಡದವಳು, ನರ್ಸು. ಅವಳಿಗೆ ಇಲ್ಲಿ ನೌಕರಿ ಸಿಕ್ಕಿತು, ನಾನು ಅಂಗಡಿಗೆ ಬೀಗ ಹಾಕಿ ಅವಳ ಹಿಂದೆ ಬಂದೆ. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತೇನೆ. ಊರಲ್ಲಿ ರೈತರು ನನ್ನನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದರು. ಇಲ್ಲಿ ನನ್ನನ್ನು ಯಾರೂ ಏನೂ ಕರೆಯುವುದಿಲ್ಲ, ಕೇಳುವವರೇ ಇಲ್ಲ.

ಬೀಡಿ ಮಾತ್ರ ನನ್ನ ಜೊತೆ ಬಂದಿತ್ತು. ಬಂದ ಮೂರನೆಯ ದಿನ ಬಾಡಿಗೆ ಮನೆಯ ಬಚ್ಚಲಿನಲ್ಲಿ ನಿಂತು ಒಂದು ಹಚ್ಚಿದೆ. ಎರಡು ಜುರುಕಿ ಎಳೆದಿರಲಿಲ್ಲ, ಚಾವಣಿಯ ಬಿಳಿ ಡಬ್ಬಿಯೊಂದು ಕಿವಿ ಹರಿಯುವಂತೆ ಚೀರಿಕೊಂಡಿತು. ಆ ಕಟ್ಟಡದಲ್ಲಿ ಒಂದು ಮನೆಯ ಡಬ್ಬಿ ಕೂಗಿದರೆ ಎಲ್ಲ ಮನೆಯ ಡಬ್ಬಿಗಳೂ ಕೂಗುತ್ತವಂತೆ. ಬೆಂಕಿ ಬಿತ್ತೆಂದು ಐದು ಮಿನಿಟಿನಲ್ಲಿ ನಾಲ್ಕೂ ಮಹಡಿಯ ಜನ, ಕೂಸು ಮುದುಕರ ಸಮೇತ, ಬೀದಿಯ ಚಳಿಯಲ್ಲಿ ನಿಂತಿದ್ದರು. ಕಾರಣ ಒಂದು ಬೀಡಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬೀಡಿ ಬಿಡ್ರಿ, ಇಲ್ಲಂದ್ರ ನನ್ನ ಬಿಡ್ರಿ" ಎಂದಳು ಶೈಲಾ. ನನ್ನನ್ನು ಆ ನರ್ಸಿನ ಮುಂದೆ ಕೂರಿಸಿದವಳೂ ಅವಳೇ.

ಚೀಟಿ ಹಿಡಿದು ಹೋದ ಅಂಗಡಿ ನಮ್ಮ ಪಾನ್ ಡಬ್ಬಿಯಂಗಡಿಯಂತಿರಬಹುದು ಎಂದುಕೊಂಡಿದ್ದೆ. ನೋಡಿದರೆ ಸೀರೆ ಅಂಗಡಿಯ ಹಾಗೆ ಝಗಝಗ ದೀಪ, ಗಾಜಿನ ಕಪಾಟು. ಗಲ್ಲಾದ ಹಿಂದೆ ನನ್ನ ಅವ್ವನ ವಯಸ್ಸಿನ ಲಿಂಡಾ ಎಂಬ ಹೆಂಗಸು. "ಬಾ ಮಿ ಡಕ್, ಕೂತುಕೋ" ಎಂದಳು. ಡಕ್ ಅಂದರೆ ಬಾತುಕೋಳಿ. ಬೈದಳೇನೋ ಎಂದು ಗಾಬರಿಯಾದೆ. ಆಮೇಲೆ ಗೊತ್ತಾಯಿತು, ಈ ಊರಿನಲ್ಲಿ ಅದು ಪ್ರೀತಿಯ ಮಾತು, ನಾವು ಪರಿಚಯವಿಲ್ಲದವರಿಗೂ ಅಣ್ಣಾರ, ಕಾಕಾ ಅನ್ನುತ್ತೇವಲ್ಲ, ಹಾಗೆ.

ಅವಳು ಮೇಜಿನ ಮೇಲೆ ಇ-ಸಿಗರೇಟಿನ ಮೂರು ಬ್ಯಾಟರಿ ಇಟ್ಟು, ಪ್ರತಿಯೊಂದಕ್ಕೂ ಬಾಯಿಗಿಡುವ ಹೊಸ ತುದಿ ಸಿಕ್ಕಿಸಿ, ಸೇದಿ ನೋಡಿ ಆರಿಸಿಕೋ ಎಂದಳು. ದಪ್ಪ ಪೆನ್ನಿನಂಥ ಬ್ಯಾಟರಿ. ಬುಡದಲ್ಲಿ ತಿರುಗಿಸುವ ಗುಂಡಿ, ಗುಂಡಿಯ ಸುತ್ತ ಅಂಕಿ: ಮೂರು ಚಿಲ್ಲರೆಯಿಂದ ಶುರುವಾಗಿ ಹತ್ತಿರ ಹತ್ತಿರ ಐದು ವೋಲ್ಟಿನ ತನಕ. ತುದಿಯೊಳಗೆ ಒಂದು ಪುಟ್ಟ ತಂತಿಸುರುಳಿ. ಆ ಸುರುಳಿ ಕಂಡದ್ದೇ ನನ್ನ ಎದೆ ಉಬ್ಬಿತು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೆ ತಿಳಿದ ವಸ್ತುವೊಂದು ಎದುರಿಗಿತ್ತು.

"ಕೆಳಗಿನಿಂದ ಶುರು ಮಾಡು" ಎಂದಳು ಲಿಂಡಾ. ನಾನು ನಕ್ಕೆ. ಈಕೆಗೆ ಏನು ಗೊತ್ತು? ಬೇಸಿಗೆ ಬಂತೆಂದರೆ ನಮ್ಮ ಕಡೆ ಲೋ ವೋಲ್ಟೇಜಿಗೇ ಮೋಟರ್ ಸುಡುವುದು. ಎಷ್ಟು ರೈತರಿಗೆ ನಾನೇ ಗದರಿಸಿದ್ದೆ, ವೋಲ್ಟೇಜ್ ಪೂರ್ತಿ ಇಲ್ಲದೆ ಪಂಪು ಹಚ್ಚಬ್ಯಾಡ್ರೋ ಅಂತ. ಇಪ್ಪತ್ತೆರಡು ವರ್ಷದ ವಿದ್ಯೆ ಸುಮ್ಮನಿರುತ್ತದೆಯೇ? ಗುಂಡಿಯನ್ನು ಕೊನೆಯ ತನಕ ತಿರುಗಿಸಿ, ಜೋರಾಗಿ ಎಳೆದೆ.

ಗಂಟಲಿಗೆ ಕೆಂಡ ಇಳಿದಂತಾಯಿತು. ಕಣ್ಣಲ್ಲಿ ನೀರು. ಕೆಮ್ಮಿ ಕೆಮ್ಮಿ ಕುರ್ಚಿ ಹಿಡಿದುಕೊಂಡೆ. ಲಿಂಡಾ ನೀರು ತಂದುಕೊಟ್ಟು, ಇದು ಮೋಟರಲ್ಲ, ಸುರುಳಿಯೊಳಗೆ ನಿಕೋಟಿನ್ ರಸ ಹೀರಿದ ಹತ್ತಿ ಇದೆ, ವೋಲ್ಟೇಜು ಹೆಚ್ಚಾದರೆ ಹತ್ತಿ ಸುಡುತ್ತದೆ ಎಂದಳು. ಅವಳು ಹೇಳುವ ಮೊದಲೇ ನನ್ನ ಮೂಗು ಹೇಳಿತ್ತು. ಸುಟ್ಟ ಹತ್ತಿಯ ವಾಸನೆ ನನಗೆ ಹೊಸದಲ್ಲ. ನಾನು ಧಾರವಾಡದ ಹತ್ತಿರದ ಗರಗದವನು, ಖಾದಿ ನೇಯುವ ಮನೆಯಲ್ಲಿ ಬೆಳೆದವನು. ಅಣ್ಣ ಮಗ್ಗದ ಪಕ್ಕ ಕೂತು ಸೇದುವ ಬೀಡಿಯ ಕಿಡಿ ಒಮ್ಮೊಮ್ಮೆ ನೂಲಿಗೆ ಬೀಳುತ್ತಿತ್ತು. ಆಗ ಮನೆ ತುಂಬಾ ಇದೇ ವಾಸನೆ.

ಅಪ್ಪ ಹೋದಾಗ ನನಗೆ ಏಳು ವರ್ಷ. ಅಣ್ಣ ಶಾಲೆ ಬಿಟ್ಟು ಮಗ್ಗಕ್ಕೆ ಕೂತು ನನ್ನನ್ನು ಓದಿಸಿದ. ನನಗೆ ಅವನೇ ಅಪ್ಪ. ಹಾಗಾಗಿ ನಾನು ಎಂದೂ ಅವನ ಮುಂದೆ ಬೀಡಿ ಸೇದಿದವನಲ್ಲ. ಅವನ ಕೆಮ್ಮು ಓಣಿಯಲ್ಲಿ ಕೇಳಿಸಿದರೆ ನನ್ನ ಬೀಡಿ ಬೆನ್ನ ಹಿಂದೆ ಹೋಗುತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತು ನಮ್ಮ ನಡುವೆ ಬರಲೇ ಇಲ್ಲ.

ಕೆಳಗಿನ ವೋಲ್ಟಿಗೆ ಇಳಿಸಿಕೊಂಡು ಅದೇ ಬ್ಯಾಟರಿಯನ್ನು ಮನೆಗೆ ತಂದೆ. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಸೇದುತ್ತಿದ್ದಾಗ ಅಣ್ಣನ ವೀಡಿಯೊ ಕಾಲ್ ಬಂತು. ಯಂತ್ರ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಬಾಯೊಳಗಿನ ಹೊಗೆ ಎಲ್ಲಿಗೆ ಹೋಗಬೇಕು?

"ಏನೋ ತಮ್ಮಾ ಅದು, ಬಾಯಾಗ ಹೊಗಿ?"

"ಥಂಡಿ ಅಣ್ಣಾ. ಇಲ್ಲೆ ಮಾತಾಡಿದ್ರ ಹೊಗಿ ಬರತೈತಿ."

"ಹೌದನು?" ಎಂದ. ನನ್ನ ಬೆನ್ನ ಹಿಂದೆ ಇಣುಕುವವನಂತೆ ನೋಡಿ ಫೋನಿಟ್ಟ.

ನಾಲ್ಕು ತಿಂಗಳಲ್ಲಿ ಬೀಡಿ ಹೋಯಿತು. ಇನ್ನೆರಡು ತಿಂಗಳಿಗೆ ಯಂತ್ರವೂ ಕಪಾಟು ಸೇರಿತು. ಈ ದೇಶದಲ್ಲಿ ನಾನು ಗೆದ್ದದ್ದು ಇದೊಂದೇ. ಆ ಖುಷಿಯಲ್ಲಿರುವಾಗಲೇ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನ್ ಮಾಡಿ ಅತ್ತಳು. ಅಣ್ಣನಿಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಬೀಡಿ ಬಿಡದಿದ್ದರೆ ನನ್ನ ಹತ್ತಿರ ಬರಬೇಡ ಎಂದು ಧಾರವಾಡದ ಡಾಕ್ಟರು ಹೇಳಿಬಿಟ್ಟಿದ್ದಾರೆ. ಬಿಟ್ಟೆ ಬಿಟ್ಟೆ ಅನ್ನುತ್ತಾನೆ, ಬಿಟ್ಟಿಲ್ಲ.

ರಜೆ ಹಾಕಿದೆ. ಲಿಂಡಾಳಿಂದ ಹೊಸ ಬ್ಯಾಟರಿ ತಂದು, ಗುಂಡಿಯನ್ನು ಕೆಳಗಿನ ಅಂಕಿಗೆ ನಿಲ್ಲಿಸಿ, ಅಂಗಿಗಳ ನಡುವೆ ಇಟ್ಟೆ. ಶೈಲಾ ಬ್ಯಾಗು ಬಿಚ್ಚಿ ಅದನ್ನು ಹೊರಗೆ ತೆಗೆದಳು.

"ಇದನ್ನ ಅಲ್ಲಿ ಒಯ್ಯೂದು ಗುನ್ಹೆ ಅದ. ಏರ್‌ಪೋರ್ಟಿನ್ಯಾಗ ಹಿಡದ್ರ ಯಾರಿಗೆ ಫೋನ್ ಮಾಡ್ತೀರಿ?"

"ಬೀಡಿ ಓಣಿಗೊಂದು ಅಂಗಡ್ಯಾಗ ಸಿಗತೈತಿ. ಬೀಡಿ ಬಿಡಿಸೂದು ಗುನ್ಹೆ ಏನು?" ನಾನು ಕೂಗಾಡಿದೆ.

"ಮತ್ತ ಬಸ್ ಸ್ಟಾಪಿನ್ಯಾಗ ಸಾಲಿ ಹುಡುಗೂರು ಸೇದೂದು ನೋಡಿ, ಮನಿಗೆ ಬಂದು ತಲಿ ಹಿಡಕೊಂಡು ಕೂತಿದ್ದವರು ಯಾರು?"

ನಾನೇ. ಯುನಿಫಾರ್ಮಿನ ಮಕ್ಕಳು ಮಾವಿನ ಹಣ್ಣಿನ ವಾಸನೆಯ ಮೋಡ ಬಿಡುತ್ತ ನಿಂತದ್ದನ್ನು ಕಂಡು ನನಗೆ ಅನ್ನ ಸೇರಿರಲಿಲ್ಲ. ನಮ್ಮವರು ಬಂದ್ ಮಾಡಿದ್ದು ಸುಮ್ಮನೆ ಅಲ್ಲ ಎಂದು ಆ ದಿನ ನಾನೇ ಅಂದಿದ್ದೆ. ಬ್ಯಾಟರಿ ಮತ್ತೆ ಕಪಾಟಿಗೆ ಹೋಯಿತು.

ಹೇಳದೆ ಕೇಳದೆ ಗರಗಕ್ಕೆ ಹೋದೆ. ಅಣ್ಣ ಅಂಗಳದ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನನ್ನನ್ನು ಕಂಡದ್ದೇ ಅವನ ಬಲಗೈ ಸರಕ್ಕನೆ ಬೆನ್ನ ಹಿಂದೆ ಹೋಯಿತು.

ನಾನು ನಿಂತಲ್ಲೇ ನಿಂತೆ. ನನ್ನನ್ನು ಸಾಕಿದವನು ನನಗೆ ಹೆದರಿ ಬೀಡಿ ಮುಚ್ಚಿಡುತ್ತಿದ್ದ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಪೆಟ್ಟು ಇನ್ನೊಂದು ಬಿದ್ದಿಲ್ಲ. ಪಕ್ಕಕ್ಕೆ ಕೂತು, ಮುಖ ನೋಡದೆ ಹೇಳಿದೆ, "ಅಣ್ಣಾ, ನಾನೂ ಸೇದತಿದ್ನಿ."

"ಗೊತ್ತೈತಿ. ಥಂಡಿ ಅಂತ ಹೇಳಿದೆಲ್ಲ, ನಿನ್ನ ಹಿಂದ ಮಂದಿ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಐಸ್‌ಕ್ರೀಮ್ ತಿನ್ನಾಕತ್ತಿದ್ರು."

ಇಬ್ಬರೂ ನಕ್ಕೆವು. ಅವನ ನಗು ಕೆಮ್ಮಾಗಿ ತಿರುಗಿ ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಬ್ಯಾಟರಿಯ ಕಥೆಯನ್ನೆಲ್ಲ ಹೇಳಿದೆ.

"ತಂದೀ ಏನು?"

"ಇಲ್ಲಿ ಬಂದ್ ಐತಿ ಅಣ್ಣಾ."

"ಹಂಗಾರ ನಾ ಹೆಂಗ ಬಿಡ್ಲಿ?" ಎಂದು ಬೀಡಿಕಟ್ಟು ತೆಗೆದು ನನ್ನ ಕೈಯಲ್ಲಿಟ್ಟ. "ಗುಂಡಿ ನೀನ ತಿರುಗಿಸು, ದಿನಾ ಒಂದೀಟು ಇಳಸು. ಬೇಕಾದಾಗ ನಿನ್ನ ಕೇಳತೇನಿ."

ಹನ್ನೆರಡು ದಿನ ಅಣ್ಣ ನನ್ನ ಮುಂದೆ ಕೈ ಚಾಚಿ ನಿಂತ. ಮೊದಲ ದಿನ ಒಂಬತ್ತು ಕೊಟ್ಟೆ, ಹೊರಡುವ ದಿನಕ್ಕೆ ಮೂರಾಗಿತ್ತು. ಬಸ್ಸಿನ ಬಾಗಿಲಲ್ಲಿ ಕೇಳಿದ, "ಇನ್ನ ಯಾರನ್ನ ಕೇಳ್ಲಿ?" ಫೋನ್ ಮಾಡು ಎಂದೆ.

ಮಾಡುತ್ತಾನೆ. ದಿನಕ್ಕೆ ಮೂರು ಸಲ, ಎರಡು ಸಲ. "ಒಂದ ಸೇದ್ಲೇನೋ ತಮ್ಮಾ?" ಇಲ್ಲಿ ನನ್ನನ್ನು ಕೇಳುವವರಿಲ್ಲ ಅಂದಿದ್ದೆನಲ್ಲ, ಈಗ ಅಣ್ಣ ಕೇಳುತ್ತಾನೆ. ಆದರೆ ಗೋದಾಮಿನಲ್ಲಿ ಫೋನನ್ನು ಲಾಕರಿನಲ್ಲಿಡಬೇಕು. ನಿನ್ನೆ ಕೆಲಸ ಮುಗಿಸಿ ತೆಗೆದಾಗ ಐದು ಮಿಸ್ಡ್ ಕಾಲ್. ಅಲ್ಲೇ ನಿಂತು ವೀಡಿಯೊ ಕಾಲ್ ಹಚ್ಚಿದೆ.

"ನೀ ಫೋನ್ ಎತ್ತಲಿಲ್ಲ. ಅದಕ ಸೇದಲಿಲ್ಲ" ಎಂದ ಅಣ್ಣ.

ಛಲೋ ಆತು ಎಂದೆ. ಒಂದು ಕೈಯಲ್ಲಿ ಫೋನು ಹಿಡಿದಿದ್ದ. ಇನ್ನೊಂದು ಕೈ ಕಾಣುತ್ತಿರಲಿಲ್ಲ, ಬೆನ್ನ ಹಿಂದೆ ಹೋಗಿತ್ತೇನೋ. ತೋರಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಗರಗದಲ್ಲಿದ್ದಿದ್ದರೆ ಪಕ್ಕಕ್ಕೆ ಹೋಗಿ ಕೂತುಕೊಳ್ಳುತ್ತಿದ್ದೆ.