ಮೀಸಲಿಟ್ಟ ಜೇನು

ಮಕ್ಕಳೇ, ಹೋದ ವರ್ಷದ ಶಿವರಾತ್ರಿಯ ಮಧ್ಯಾಹ್ನ ನಮ್ಮ ಬೆಕ್ಕು ಕೆಂಚ ದೇವರ ಗೂಡಿನ ಮುಂದೆ ಬಿದ್ದು ಒದ್ದಾಡಿದ. ಸ್ವಾಮಿ ಅವನನ್ನು ಉಳಿಸಿಕೊಟ್ಟ. ಹೇಗೆ ಉಳಿಸಿದ ಎಂಬುದನ್ನು ನಿಮ್ಮೆದುರು ಬಾಯಿಬಿಟ್ಟು ಹೇಳಲು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೆ ಮೂರು ತಿಂಗಳ ಮುಂಚೆ ಕೆಂಚ ಎಷ್ಟು ನೀರು ಕುಡಿದರೂ ಸಾಲದಾಗಿದ್ದ. ಎಷ್ಟು ತಿಂದರೂ ಒಣಗುತ್ತಿದ್ದ. ಅವನನ್ನು ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ, ರಾಮಗಿರಿಯಿಂದ ಚಿತ್ರದುರ್ಗದ ಬಸ್ಸು ಹತ್ತಿದೆ.

"ಒಳಗೇನೈತಜ್ಜಿ, ಕೋಳಿನಾ?" ಎಂದ ಕಂಡಕ್ಟರ್.

ಬೆಕ್ಕು ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನ ಬರೀ ಹಣೆ ನೋಡಿದಳು. "ಎದುರಿಗೆ ಬರಬಾರದವೆಲ್ಲ ಒಂದೇ ಬಸ್ಸು ಹತ್ಕಂಡವೆ ಬಿಡಪ್ಪ" ಎಂದಳು. ಸುತ್ತಲಿದ್ದವರು ನಕ್ಕರು. ನಾನು ಬುಟ್ಟಿಯನ್ನೇ ನೋಡುತ್ತ ಕುಳಿತೆ.

ಪಶುವೈದ್ಯರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. "ದಿನಕ್ಕೆರಡು ಸಲ ಇನ್ಸುಲಿನ್ ಹಾಕ್ರಿ. ಹಾಲು ಅನ್ನ ಬಿಡ್ಸಿ, ಬೇಯ್ಸಿದ ಕೋಳಿ ಕೊಡ್ರಿ. ಮೊದ್ಲು ತಿನ್ಬೇಕು, ಆಮೇಲೆ ಸೂಜಿ. ತಿನ್ನಲಿಲ್ಲ ಅಂದ್ರೆ ಹಾಕ್ಬ್ಯಾಡ್ರಿ, ಫೋನ್ ಮಾಡ್ರಿ."

ಸೂಜಿ ಹಾಕಲು ನನಗೆ ಬರುತ್ತಿತ್ತು. ನಿಮ್ಮ ತಾತನಿಗೆ ನಾಲ್ಕು ವರ್ಷ ನಾನೇ ಹಾಕಿದ್ದೆ.

"ಅಣ್ಣ ಹೋದ್ಮ್ಯಾಲೆ ಚುಚ್ಚಾಕೆ ಇನ್ಯಾರೂ ಸಿಗಲಿಲ್ಲೇನು ಅತ್ತಿಗೆ?" ಎಂದಳು ಪಕ್ಕದ ಮನೆಯ ನನ್ನ ನಾದಿನಿ ತಿಪ್ಪಮ್ಮ.

ಕೆಂಚ ಮೈತುಂಬಿಕೊಂಡ. ಅಷ್ಟರಲ್ಲಿ ಶಿವರಾತ್ರಿ ಬಂತು. ಅಂದು ಮನೆಯಲ್ಲಿ ಕೋಳಿ ಬೇಯಿಸುವುದುಂಟೇ? ಒಂದು ದಿನ ಅವನೂ ನನ್ನ ಜೊತೆ ಉಪವಾಸವಿರಲಿ, ಅವನಿಗೂ ಪುಣ್ಯ ಬರಲಿ ಎಂದುಕೊಂಡೆ. ಔಷಧಿಯಿಂದ ಉಪವಾಸ ಕೆಡುವುದಿಲ್ಲವೆಂದು ಸೂಜಿಯನ್ನು ಮಾತ್ರ ಹಾಕಿದೆ.

ಮಧ್ಯಾಹ್ನ ಅವನ ಕಾಲುಗಳು ಸೋತವು. ಜೊಲ್ಲು ಸುರಿಯಿತು, ಮೈ ಸೆಟೆಯಿತು. ಇದೊಂದು ಜೀವ ಬಿಟ್ಟುಕೊಡಪ್ಪ ಎಂದು ಗೂಡಿಗೆ ಕೈಮುಗಿದು ಫೋನ್ ಮಾಡಿದೆ.

"ಊಟ ಹಾಕಿದ್ರಾ?" ಎಂದರು ವೈದ್ಯರು.

ಇಲ್ಲ, ಸೂಜಿ ಮಾತ್ರ ಹಾಕಿದೆ ಎಂದೆ.

"ಸಕ್ಕರೆ ಪೂರ್ತಿ ಇಳಿದೈತೆ. ಒಸಡಿಗೆ ಜೇನುತುಪ್ಪ ಸವರ್ರಿ, ಗಂಟ್ಲಿಗೆ ಸುರೀಬ್ಯಾಡ್ರಿ. ತಕ್ಷಣ ಕರ್ಕಂಡು ಬರ್ರಿ."

ತಾತನಿಗೆ ಕಾಯಿಲೆ ಬಂದಾಗಿನಿಂದ ಮನೆಗೆ ಸಕ್ಕರೆ ಬೆಲ್ಲ ತರುತ್ತಿರಲಿಲ್ಲ. ಇದ್ದದ್ದು ಸಂಜೆಯ ಅಭಿಷೇಕಕ್ಕೆಂದು ಗೂಡಿನಲ್ಲಿ ಮೀಸಲಿಟ್ಟ ಜೇನು ಒಂದೇ.

"ಮೀಸಲು ಮುರೀಬ್ಯಾಡ ಅತ್ತಿಗೆ" ಎಂದಳು ಬಾಗಿಲಲ್ಲಿ ನಿಂತಿದ್ದ ತಿಪ್ಪಮ್ಮ. "ಬೆಕ್ಕಿನೆಂಜಲು ಶಿವನಿಗೆ ಎರೀತೀಯೇನು?"

ನಾನು ಮುಚ್ಚಳ ತೆಗೆದೆ. ಬೆರಳಲ್ಲಿ ಸವರಿದೆ, ಮತ್ತೆ ಸವರಿದೆ. ಸ್ವಲ್ಪ ಹೊತ್ತಿಗೆ ಕೆಂಚನ ನಾಲಗೆ ನನ್ನ ಬೆರಳನ್ನು ಹುಡುಕಿತು.

ನನಗೆ ತಿಳಿದದ್ದು ಆಗಲೇ. ಅದಕ್ಕೆ ಆರು ವರ್ಷ ಹಿಂದಿನ ಶಿವರಾತ್ರಿಯಂದು ನಿಮ್ಮ ತಾತನೂ ಉಪವಾಸವಿದ್ದರು. ಬೆಳಿಗ್ಗೆ ಸೂಜಿ ಹಾಕಿದವಳು ನಾನೇ. ಮಧ್ಯಾಹ್ನ ಬೆವೆತು, ನಡುಗಿ, ಇದೇ ಜಾಗದಲ್ಲಿ ಬಿದ್ದರು. ನಾವು ಹಣೆಗೆ ವಿಭೂತಿ ಹಚ್ಚಿ ಬಾಯಿಗೆ ತೀರ್ಥ ಬಿಟ್ಟೆವು. ಹಬ್ಬದ ದಿನ ಶಿವನೇ ಕರೆದುಕೊಂಡ, ಪುಣ್ಯವಂತ ಎಂದರು ಊರವರು. ಇಷ್ಟು ವರ್ಷ ನಾನೂ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ. ಅಂದೂ ಜೇನಿನ ಬಾಟಲಿ ಗೂಡಿನಲ್ಲೇ ಇತ್ತು.

ಸ್ವಾಮಿ ನನ್ನ ಮೊರೆ ಕೇಳಿದ. ನಾನು ಕೇಳದೇ ಇದ್ದುದನ್ನೂ ಕೊಟ್ಟ. ಅದಕ್ಕೂ ಕೈಮುಗಿದಿದ್ದೇನೆ. ನಿಜವನ್ನು ಮುಚ್ಚಿಡುವ ದೇವರನ್ನು ನಂಬುವುದಾದರೂ ಹೇಗೆ?

ತಿಪ್ಪಮ್ಮ ಅಂದಿನಿಂದ ನಮ್ಮ ಮನೆಯ ನೀರು ಮುಟ್ಟಿಲ್ಲ. ಈ ಶಿವರಾತ್ರಿಯ ಬೆಳಿಗ್ಗೆ ಮಿಂದು, ಮೊದಲು ಕೆಂಚನಿಗೆ ಕೋಳಿ ಬೇಯಿಸಿದೆ. ಅವನು ತಟ್ಟೆ ನೆಕ್ಕಿದ ಮೇಲೆ ಸೂಜಿ ಹಾಕಿದೆ. ಆಮೇಲೆ ದೀಪ ಹಚ್ಚಿ, ತಾತನ ಪಟದ ಮುಂದೆ ಒಂದು ಚಮಚ ಜೇನು ಇಟ್ಟೆ.