ಹೊನ್ನಚಿಗುರು ಎಂಬ ವಾರಪತ್ರಿಕೆ

ಬ್ಯಾಡಗಿಯಿಂದ ತಂದ ಮೆಣಸಿನಕಾಯಿ ಒಣಹಾಕಲು ಮೊನ್ನೆ ಅಂಗಳದಲ್ಲಿ ಹಳೆಯ ಪತ್ರಿಕೆಗಳನ್ನು ಹಾಸುತ್ತಿದ್ದೆ. ಮಕ್ಕಳೇ, ನಿಮ್ಮಲ್ಲಿ ಚಿಕ್ಕವಳಾದ ಗೌರಿ ಪಕ್ಕದಲ್ಲೇ ಮೊಬೈಲ್ ಹಿಡಿದು ಕುಳಿತಿದ್ದಳು. ಶಾಲೆಯಲ್ಲಿ ಶುರುವಾಗಲಿರುವ ಗೋಡೆಪತ್ರಿಕೆಗೆ ಹೆಸರು ಹುಡುಕುವುದು ಅವಳ ಪಾಲಿಗೆ ಬಂದಿತ್ತು.

"ಆಯಿ, ಯಾವ ದೇಶದ ಪೇಪರ್ ನೋಡಿದ್ರೂ ಅವ ಹೆಸರು ಅದಾವು. ಕನ್ನಡದಾಗ ಹೇಳಿದ್ರ ದೂತ, ಸೂರ್ಯ, ಕನ್ನಡಿ! ಇವರಿಗೆ ಬ್ಯಾರೆ ಹೆಸರ ಸಿಗಂಗಿಲ್ಲೇನು?"

ಏಳನೆಯ ಇಯತ್ತೆ ಓದಿದವಳು ನಾನು. ಪರದೇಶದ ವಿಷಯಕ್ಕೆ ಬಾಯಿ ಹಾಕುವವಳಲ್ಲ. ಆದರೆ ಇದೊಂದು ನನಗೆ ಗೊತ್ತಿತ್ತು.

ನಿಮ್ಮ ಅಜ್ಜ ರಾಣೆಬೆನ್ನೂರಿನಲ್ಲಿ ವಾರಪತ್ರಿಕೆ ಹೊರಡಿಸಿದರು. ಯಾರೂ ಇಡದ ಹೆಸರೇ ಬೇಕೆಂದು ಹಟ. ಊಟದ ನಡುವೆ ಕೈ ಒಣಗುವವರೆಗೆ ಯೋಚಿಸಿ 'ಹೊನ್ನಚಿಗುರು' ಎಂದಿಟ್ಟರು. ನನ್ನನ್ನೂ ಕೇಳಿದರು. ಚಂದವೆನಿಸಿತು, ತಲೆಯಾಡಿಸಿದೆ. ಆಗೆಲ್ಲ ಅದೇ ನನ್ನ ದೊಡ್ಡ ಮಾತು.

ಬಸ್ ನಿಲ್ದಾಣದಲ್ಲಿ ಪತ್ರಿಕೆ ಮಾರುತ್ತಿದ್ದ ಖಾದರ್‌ಸಾಬರು ಮೊದಲ ವಾರವೇ ಮಾರಾಟವಾಗದ ಕಟ್ಟನ್ನು ಹಾಗೆಯೇ ವಾಪಸ್ ಹೊತ್ತು ತಂದರು.

"ಇದ್ಯಾವ ಬೀಜದ ಕಂಪನೀದು ಅಂತ ಮಂದಿ ಕೇಳಾಕತ್ತಾರ್ರಿ. ಒಬ್ಬಾಂವ, ಹತ್ತೀದೋ ಗೋವಿನಜೋಳದ್ದೋ ಅಂದ!"

"ಓದಿದ್ರ ತಿಳೀತೈತಲ್ಲ ಖಾದರ್‌ಸಾಬ್?" ಎಂದರು ಅಜ್ಜ.

"ಓದಾಕ ಮೊದಲ ಕೈಯಾಗ ಹಿಡೀಬೇಕಲ್ರಿ. ಹೊಸಾ ಖಾನಾವಳಿಯಾಂವ ಬಸವೇಶ್ವರ ಅಂತನ ಯಾಕ ಬೋರ್ಡ್ ಹಾಕ್ತಾನ? ಆ ಹೆಸರಿನ್ಯಾಗ ಮಂದಿ ಎಲ್ಲೋ ಒಮ್ಮೆ ರೊಟ್ಟಿ ಉಂಡಿರ್ತಾರ್ರಿ."

ಪರದೇಶದಲ್ಲೂ ಇಷ್ಟೇ ಇರಬೇಕು. ಸುದ್ದಿ ತರುವುದು, ಬೆಳಕು ಚೆಲ್ಲುವುದು, ಇದ್ದದ್ದನ್ನು ತೋರಿಸುವುದು: ಎಲ್ಲ ಊರಿನ ಪತ್ರಿಕೆಗೂ ಕೆಲಸ ಅದೇ, ಹಾಗಾಗಿ ಹೆಸರೂ ಅವೇ. ಮೇಲಾಗಿ, ಒಂದು ಕಡೆ ನಂಬಿಕೆ ಗಳಿಸಿದ ಹೆಸರನ್ನು ಇನ್ನೊಂದು ಕಡೆಯವರು ಎತ್ತಿಕೊಳ್ಳುತ್ತಾರೆ, ನಾವು ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಹಾಗೆ.

ಅಜ್ಜ 'ವಾರದ ದೂತ' ಎಂದು ಬದಲಿಸಿದರು. ಪತ್ರಿಕೆ ಮಾರಾಟವಾಯಿತು, ಹಲವು ವರ್ಷ ನಡೆಯಿತು. ಮನೆಯಲ್ಲಿ ಮಾತ್ರ ಕೊನೆಯವರೆಗೂ, "ಪ್ರೆಸ್ಸಿನಿಂದ ಹೊನ್ನಚಿಗುರು ಬಂತೇನು?" ಎಂದೇ ಕೇಳುತ್ತಿದ್ದರು. ನಾನೂ ತಿದ್ದಲಿಲ್ಲ.

ಎಲ್ಲ ಕೇಳಿ ಗೌರಿ, "ಹಂಗಾರ ನಾವೂ ದೂತ ಅಂತ ಇಡೂದು ಚಲೋ, ಹೌದಿಲ್ಲೋ?" ಎಂದಳು.

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಬ್ಯಾಡ. ಹೊನ್ನಚಿಗುರು ಅಂತ ಇಡು," ಎಂದೆ.

"ಮತ್ತ ಬೀಜದ ಕಂಪನಿ ಅಂತ ನಕ್ಕರ?"

"ನಮ್ಮ ಅಜ್ಜನ ಪೇಪರಿನ ಹೆಸರು ಅನ್ನು. ಈಗ ಅದೂ ಹಳೇದ ಆಗೇತಿ."

ಅವಳು ಗೆಳತಿಯರಿಗೆ ಹೇಳಲು ಓಡಿದಳು. ನಾನು ಮೆಣಸಿನಕಾಯಿ ಹರವಿದೆ.