ಡೋಲಮೈಟ್ ಭಾವ

ಭಾವನ ತಲೆಗೂದಲು ಕಪ್ಪು, ಮೀಸೆ ಕಪ್ಪು. ಹುಬ್ಬು ಮಾತ್ರ ಅಕ್ಕಿಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿ. ಅಕ್ಕನನ್ನು ನೋಡಲು ಅವರು ಬಾಯಾರು ಎಂಬ ಊರಿನ ನಮ್ಮ ಮನೆಗೆ ಮೊದಲ ಸಲ ಬಂದಾಗ ಅಜ್ಜಿ ಬಾಗಿಲ ಸಂದಿಯಿಂದ ಇಣುಕಿ, "ಮುದುಕನನ್ನು ಕರಕೊಂಡು ಬಂದಿದ್ದಾರೆ" ಎಂದು ಪಿಸುಗುಟ್ಟಿದರು. ಅದು ಮುಪ್ಪಲ್ಲ, ಕಲ್ಲಿನ ಹುಡಿ. ಘಟ್ಟದಾಚೆಯ ಡೋಲಮೈಟ್ ಗಣಿಯಿಂದ ನೆಟ್ಟಗೆ ಬಂದಿದ್ದರು. ನಮ್ಮ ಬಾವಿಯ ನೀರಿನಲ್ಲಿ ಎಷ್ಟು ಮುಖ ತೊಳೆದರೂ ಹುಬ್ಬಿನದು ಹೋಗಿರಲಿಲ್ಲ.

ಸಂಬಂಧ ತಂದವರು ದೂರದ ಒಬ್ಬ ಮಾವ. "ಹುಡುಗ ಗಣಿಯಲ್ಲಿ ದೊಡ್ಡ ಆಫೀಸರ್. ಬಂಗ್ಲೆ ಉಂಟು, ಕಾರು ಉಂಟು" ಎಂದು ಮೊದಲೇ ಹೇಳಿದ್ದರು. ಕಾಫಿ ಕುಡಿಯುವಾಗ ಅದನ್ನೇ ಇನ್ನೊಮ್ಮೆ ಹೇಳಿದರು. ಹುಡುಗ ಲೋಟ ಕೆಳಗಿಟ್ಟರು.

"ಕಾರೂ ಇಲ್ಲ, ಬಂಗ್ಲೆಯೂ ಇಲ್ಲ. ನಾನು ಕಲ್ಲು ನೋಡುವವ. ಒಡೆದದ್ದರಲ್ಲಿ ಒಳ್ಳೆಯದು ಯಾವುದು, ಕಳಪೆ ಯಾವುದು ಅಂತ ಆರಿಸುವುದು ನನ್ನ ಕೆಲಸ. ಇರಲಿಕ್ಕೆ ಒಂದು ಸಣ್ಣ ಮನೆ ಕೊಟ್ಟಿದ್ದಾರೆ."

ಮಾವ ತಲೆ ತಗ್ಗಿಸಿ ತಟ್ಟೆಯ ಅವಲಕ್ಕಿ ಕೆದಕತೊಡಗಿದರು. ಹುಡುಗ ಬಾಗಿಲ ಕಡೆ ನೋಡಿ, "ಹುಡುಗಿಗೆ ಎಂತಾದರೂ ಕೇಳಲಿಕ್ಕುಂಟಾ?" ಎಂದರು. ನಮ್ಮಲ್ಲಿ ಅಂಥ ಪದ್ಧತಿಯೇ ಇರಲಿಲ್ಲ. ಬಾಗಿಲ ಹಿಂದಿನಿಂದ ಅಕ್ಕ ಕೇಳಿಯೇಬಿಟ್ಟಳು: "ಅಲ್ಲಿ ನೀರು ಹೇಗೆ?"

"ನೀರು ದೂರ. ಬೇಸಿಗೆಯಲ್ಲಿ ಗಾಡಿಯಲ್ಲಿ ತರುತ್ತಾರೆ. ಮಧ್ಯಾಹ್ನ ಬಂಡೆಗೆ ಮದ್ದು ಇಟ್ಟು ಒಡೆಯುವಾಗ ಮನೆಯ ಪಾತ್ರೆಯೆಲ್ಲ ನಡುಗುತ್ತದೆ. ಹುಡಿಯಂತೂ ಎಷ್ಟು ಗುಡಿಸಿದರೂ ಮುಗಿಯುವುದಿಲ್ಲ. ನೆರೆಕರೆಯವರು ಒಳ್ಳೆಯವರು."

ಅಜ್ಜಿಗೆ ಸುಮ್ಮನಿರಲಾಗಲಿಲ್ಲ. "ಅಷ್ಟು ಕಷ್ಟಪಟ್ಟು ತೆಗೆಯುವ ಆ ಕಲ್ಲು ಎಂತಕ್ಕೆ?"

"ಉಕ್ಕು ಕರಗಿಸುವ ಕುಲುಮೆಗೆ ಅಜ್ಜಿ. ಸುಟ್ಟು, ಹುಡಿ ಮಾಡಿ, ಡಾಂಬರು ಕಲಸಿ ಕುಲುಮೆಯ ಒಳಮೈಗೆ ಹೊದಿಸುತ್ತಾರೆ. ಇಲ್ಲದಿದ್ದರೆ ಕಾದ ಉಕ್ಕು, ಕಿಟ್ಟ ಎಲ್ಲ ಸೇರಿ ಕುಲುಮೆಯನ್ನೇ ತಿಂದುಹಾಕುತ್ತದೆ. ಗಾಜು ಮಾಡುವವರೂ ಕೊಂಡುಹೋಗುತ್ತಾರೆ."

"ನಾವು ಒಲೆಗೆ ಮಣ್ಣು ಮೆತ್ತಿದ ಹಾಗೆ."

"ಅದೇ. ನನಗೆ ಇಷ್ಟು ಚಂದ ಹೇಳಲಿಕ್ಕೆ ಬರುವುದಿಲ್ಲ" ಎಂದು ನಕ್ಕರು. ಅಜ್ಜಿ ಅಲ್ಲಿಗೇ ಅವರ ಪಕ್ಷ ಸೇರಿದರು.

ಅಪ್ಪ ಸೇರಲಿಲ್ಲ. ಹುಡುಗನ ಕಡೆಯವರು ಹೋದ ಮೇಲೆ, "ನೀರಿಲ್ಲದ ಊರಿಗೆ ಹುಡುಗಿ ಕೊಡುವುದಾ?" ಎಂದು ಜಗಲಿಯಲ್ಲಿ ಅತ್ತಿಂದಿತ್ತ ನಡೆದರು. ಅಕ್ಕ ಹೊರಗೆ ಬಂದು, "ಇಷ್ಟು ಕಷ್ಟವನ್ನು ಬಾಯಿಬಿಟ್ಟು ಹೇಳಿದವರು ಇನ್ನು ಎಂತದನ್ನು ಮುಚ್ಚಿಡಲಿಕ್ಕುಂಟು ಅಪ್ಪ?" ಎಂದಳು. ಅಪ್ಪ ಪಂಚಾಂಗ ತೆಗೆದರು. ಮದುವೆಯಾಯಿತು.

ರಜೆಯಲ್ಲಿ ಭಾವ ಬಂದರೆ ಪೆಟ್ಟಿಗೆಯಲ್ಲಿ ಅಕ್ಕನ ಸೀರೆಗಳ ನಡುವೆ ಕಲ್ಲಿನ ಚೂರುಗಳು ಇರುತ್ತಿದ್ದವು, ಜೊತೆಗೆ ಬಿಗಿ ಮುಚ್ಚಳದ ಒಂದು ಸಣ್ಣ ಆಸಿಡ್ ಸೀಸೆ. ನನ್ನನ್ನು ದೂರ ನಿಲ್ಲಿಸಿ ಕಡಲ ಚಿಪ್ಪಿನ ಮೇಲೆ ಒಂದು ಹನಿ ಬಿಡುತ್ತಿದ್ದರು. ಬುಸ್ಸೆಂದು ನೊರೆ ಏಳುತ್ತಿತ್ತು. ಡೋಲಮೈಟಿನ ಮೇಲೆ ಬಿಟ್ಟರೆ ಹೆಚ್ಚೇನೂ ಆಗುತ್ತಿರಲಿಲ್ಲ. ಚೂರಿಯಿಂದ ಕೆರೆದು ಹುಡಿ ಮಾಡಿ ಬಿಟ್ಟಾಗ ಮೆಲ್ಲನೆ ನೊರೆ ಕಾಣುತ್ತಿತ್ತು. "ಚಿಪ್ಪು ಕೇಳುವ ಮೊದಲೇ ಮಾತಾಡುತ್ತದೆ. ಇದನ್ನು ಸ್ವಲ್ಪ ಕೆರೆದು ಕೇಳಬೇಕು" ಎನ್ನುತ್ತಿದ್ದರು. ಯಾಕೆ ಹಾಗೆ ಎಂದು ನಾನು ಕೇಳಿದರೆ, "ಅದು ನನಗೂ ಪೂರ್ತಿ ಗೊತ್ತಿಲ್ಲ. ನೀನು ಓದಿ ನನಗೆ ಹೇಳು" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಗಣಿಯ ಸೀಟಿ ಕೇಳಿದೊಡನೆ ಅಕ್ಕ ಮಾತು ನಿಲ್ಲಿಸದೆ ಎಡಗೈಯಲ್ಲಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡಳು. ಢಂ ಎಂದು ನೆಲ ನಡುಗಿತು. ಭರಣಿ ಬಿಟ್ಟು, ಪಕ್ಕದ ಮನೆಯವಳ ಸುದ್ದಿಯನ್ನು ಮುಂದುವರಿಸಿದಳು. ನಾನು ಮಾತ್ರ ಮಂಚದ ಕೆಳಗಿದ್ದೆ. ಭಾವ ಬಂದವರು ಬಗ್ಗಿ ನೋಡಿ, "ಊಟ ಅಲ್ಲಿಗೇ ಬಡಿಸುವುದಾ?" ಎಂದು ಕೇಳಿದರು.

ನಾನು ಹೈಸ್ಕೂಲು ಮುಗಿಸಿದ ವರ್ಷ ನನಗೂ ಒಂದು ಸಂಬಂಧ ಬಂತು. ಭಾವ ರಜೆಯಲ್ಲಿ ಬಂದಿದ್ದರು. ಅಪ್ಪ ಅಳಿಯನ ಅಭಿಪ್ರಾಯ ಕೇಳಿದರು.

"ಹುಡುಗ ಒಳ್ಳೆಯವನೇ ಇರಬಹುದು ಮಾವ. ಆದರೆ ಇವಳಿಗೆ ಕಾಲೇಜಿಗೆ ಹೋಗಬೇಕಂತೆ. ನಿಮ್ಮ ಹತ್ತಿರ ಹೇಳಲಿಕ್ಕೆ ಹೆದರಿಕೆ."

ಅಪ್ಪ ನನ್ನ ಕಡೆ ತಿರುಗಿ, "ಹೌದಾ?" ಎಂದರು. ಭಾವನೇ ಮುಂದಿನದನ್ನೂ ಹೇಳಿಯಾರು ಎಂದು ಕಾದೆ. ಅವರು ಹೇಳಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತ ಕೂತರು. ಕೊನೆಗೆ ನಾನೇ ಹೇಳಬೇಕಾಯಿತು. "ಹೌದು ಅಪ್ಪ. ಮಂಗಳೂರಿಗೆ ಹೋಗಿ ರಸಾಯನಶಾಸ್ತ್ರ ಓದುತ್ತೇನೆ."

ಅಪ್ಪ ಊಟಕ್ಕೆ ಎದ್ದರು. ಕೈ ತೊಳೆಯುವಾಗ, "ಒಂದು ವರ್ಷ ನೋಡುವ" ಎಂದರು. ಆ ಒಂದು ವರ್ಷ ಪದವಿಯವರೆಗೆ ಬೆಳೆಯಿತು. ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಉಪ್ಪಳದಲ್ಲಿ ರೈಲು ಹತ್ತಿಸಿದವರು ಭಾವ.

ನಾನು ಕಾಸರಗೋಡಿನಲ್ಲಿ ಟೀಚರಾದೆ. ಭಾವ ನಿವೃತ್ತರಾಗಿ ಊರಿಗೆ ಮರಳಿದರು. ಕೊನೆಗಾಲದಲ್ಲಿ ಉಸಿರಾಟದ ತೊಂದರೆಯಿಂದ ಹೆಚ್ಚು ಮಾತಾಡುತ್ತಿರಲಿಲ್ಲ. ನೋಡಲು ಹೋದ ದಿನ, "ಮಕ್ಕಳಿಗೆ ನಿನ್ನನ್ನು ಕಂಡರೆ ಹೆದರಿಕೆಯಾ?" ಎಂದು ಕೇಳಿದರು.

"ಸ್ವಲ್ಪ ಉಂಟು ಭಾವ" ಎಂದೆ, ತುಸು ಹೆಮ್ಮೆಯಿಂದಲೇ.

"ಅದು ಬೇಡ ಮಾರಾಯ್ತಿ. ಹೆದರಿದ ಮಕ್ಕಳು ಪ್ರಶ್ನೆ ಕೇಳುವುದಿಲ್ಲ."

ಅದೇ ವಾರ ಅವರು ತೀರಿಕೊಂಡರು. ಸೂತಕ ಕಳೆದು ಶಾಲೆಗೆ ಹೋದವಳು ಮೇಜಿನ ಮೇಲಿದ್ದ ಬೆತ್ತವನ್ನು ಜವಾನನ ಕೈಗೆ ಕೊಟ್ಟೆ. "ಎಂತ ಮಾಡಬೇಕು ಟೀಚರ್?" ಎಂದ. ಶಾಲೆಯ ತೋಟದ ಅಲಸಂಡೆ ಬಳ್ಳಿಗೆ ಆಸರೆಯಾಗಿ ಊರಲು ಹೇಳಿದೆ. ಆ ವರ್ಷ ನನ್ನ ತರಗತಿಯಲ್ಲಿ ಬಹಳ ಗಲಾಟೆ.